ಏಲಮಿಗೆ ಬಂದ ಹಳೆಯ ಗಣಕಯಂತ್ರ

ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಅಂಗಳದಲ್ಲಿ, ಹೊರೆಕಾಣಿಕೆಯಾಗಿ ಬಂದ ಬಾಳೆಗೊನೆ, ಹಲಸಿನಹಣ್ಣು, ತೆಂಗಿನಕಾಯಿಗಳನ್ನು ಏಲಂ ಹಾಕುವುದನ್ನು ನಮ್ಮ ಮಕ್ಕಳೆಲ್ಲರೂ ಕಂಡಿರುತ್ತಾರೆ. ಒಬ್ಬರು ನೂರು ಎಂದರೆ ಇನ್ನೊಬ್ಬರು ನೂರಿಪ್ಪತ್ತು ಎನ್ನುತ್ತಾರೆ. ಕೂಗುವವನು 'ಒಂದು ಸಲ, ಎರಡು ಸಲ' ಎಂದು ದನಿಯೆತ್ತಿ ಸುತ್ತಲೂ ನೋಡುತ್ತಾನೆ. 'ಮೂರು ಸಲ' ಎಂದೊಡನೆ ವಸ್ತು ಕೊನೆಯ ಬೆಲೆ ಕೂಗಿದವರ ಸ್ವಾಧೀನವಾಗುತ್ತದೆ. ಪೇಟೆಯಲ್ಲಿ ಇನ್ನೂರು ರೂಪಾಯಿಗೆ ದೊರೆಯುವ ಗೊನೆಯು ಅಲ್ಲಿ ಸಾವಿರವನ್ನು ದಾಟುವುದುಂಟು. ಹಾಗೆಂದು ಕೊಂಡವರನ್ನು ಯಾರೂ ಮೂರ್ಖರೆಂದು ನಗುವುದಿಲ್ಲ. ಆ ಗೊನೆ ಎಲ್ಲಿಂದ ಬಂದಿತೆಂಬುದು ಅಂಗಳದಲ್ಲಿ ನಿಂತವರಿಗೆಲ್ಲ ತಿಳಿದಿದೆ. ಬೆಲೆಯು ಆ ತಿಳಿವಳಿಕೆಗೂ ಸೇರಿ ಸಲ್ಲುತ್ತದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇಂದು ಬೇರೊಂದು ಏಲಮಿನ ವಿಚಾರವನ್ನು ಅಭ್ಯಾಸ ಮಾಡೋಣ. ಅದು ನಡೆದದ್ದು ಯಾವ ಅಂಗಳದಲ್ಲಿಯೂ ಅಲ್ಲ, ಅಂತರ್ಜಾಲದಲ್ಲಿ. ವಿಕ್ರಯಕ್ಕೆ ಬಂದ ವಸ್ತು 1976ನೆಯ ಇಸವಿಯ ಒಂದು ಗಣಕಯಂತ್ರ.

ಮೊದಲಿಗೆ ಪದದ ಅರ್ಥವನ್ನು ನೋಡಬೇಕು. ಮೈಸೂರಿನ ಕಡೆಯವರು 'ಹರಾಜು' ಎನ್ನುವುದನ್ನು ನಾವು 'ಏಲಂ' ಎನ್ನುತ್ತೇವೆ. ಸೊಲ್ಲಾಪುರದ ಕನ್ನಡಿಗರು 'ಲಿಲಾವು' ಎನ್ನುತ್ತಾರೆ. ಹರಾಜು ಎಂಬುದು ಅರಬ್ಬಿ ಮೂಲದಿಂದ ಹಿಂದುಸ್ತಾನಿಯ ದಾರಿಯಾಗಿ ಬಂದ ಶಬ್ದ. ಏಲಂ, ಮಲೆಯಾಳದ ಲೇಲಂ, ಮರಾಠಿಯ ಲಿಲಾವ ಇವು ಮೂರೂ ಪೋರ್ಚುಗೀಸರ ವ್ಯಾಪಾರದೊಂದಿಗೆ ನಮ್ಮ ಕರಾವಳಿಗೆ ಬಂದ ಒಂದೇ ಶಬ್ದದ ರೂಪಾಂತರಗಳು. ಏಲಮಿನಲ್ಲಿ ಕೊಡುವೆನೆಂದು ಕೂಗುವ ಬೆಲೆಗೆ 'ಸವಾಲು' ಎಂದು ಹೆಸರು.

ಕರಿಹಲಗೆಯ ಮೇಲಿನ ಅಂಕೆ

2016ನೆಯ ಇಸವಿಯ ಜುಲೈ ತಿಂಗಳ ಕೊನೆಯ ವಾರ. ಆಗ ನಾವು ಈ ಶಾಲೆಯಲ್ಲಿ ಗಣಿತದ ಅಧ್ಯಾಪಕರಾಗಿದ್ದೆವು. ಆಟಿ ತಿಂಗಳ ಮಳೆ ಹಿಡಿದುಕೊಂಡು ಆಟದ ಬಯಲು ಕೆರೆಯಂತಾಗಿತ್ತು. ಮಧ್ಯಾಹ್ನದ ವಿರಾಮದಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸುವುದಕ್ಕಿಂತ ಏನಾದರೂ ಹೊಸದನ್ನು ತೋರಿಸೋಣವೆಂದು, ಚಾರಿಟಿಬಜ್ ಎಂಬ ಅಮೆರಿಕದ ಸಂಸ್ಥೆಯು ಅಂತರ್ಜಾಲದಲ್ಲಿ ನಡೆಸುತ್ತಿದ್ದ ಒಂದು ಏಲಮನ್ನು ಒಂಬತ್ತನೆಯ ತರಗತಿಯವರಿಗೆ ತೋರಿಸಿದೆವು. ಅದು ಆಗಸ್ಟ್ 25ರವರೆಗೆ, ಅಂದರೆ ಒಂದು ತಿಂಗಳ ಕಾಲ ನಡೆಯತಕ್ಕದ್ದಾಗಿತ್ತು. ವಸ್ತು: 'ಆಪಲ್-1' ಎಂಬ ಗಣಕಯಂತ್ರದ ಒಂದು ಫಲಕ. ಬಂದ ಹಣದಲ್ಲಿ ಹತ್ತನೆಯ ಒಂದು ಪಾಲು ರಕ್ತದ ಕ್ಯಾನ್ಸರಿನ ವಿರುದ್ಧ ಕೆಲಸಮಾಡುವ ಸಂಸ್ಥೆಗೆ ಸಲ್ಲುವುದೆಂದು ಪ್ರಕಟವಾಗಿತ್ತು.

ಅಂದಿನಿಂದ ಪ್ರತಿದಿನವೂ ಒಬ್ಬ ವಿದ್ಯಾರ್ಥಿಯು ಏರಿದ ಸವಾಲನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುವುದು ರೂಢಿಯಾಯಿತು. ಕೆಲವು ದಿನ ವಿದ್ಯುತ್ತಿರಲಿಲ್ಲ. ಆಗ ನಿನ್ನೆಯ ಅಂಕೆಯೇ ಉಳಿಯುತ್ತಿತ್ತು. ಮಕ್ಕಳು ಮೊದಲ ದಿನವೇ ಕೇಳಿದ ಪ್ರಶ್ನೆ ಇದು: "ಸರ್, ಇದಕ್ಕಿಂತ ಹೆಚ್ಚು ಕೆಲಸವನ್ನು ನಮ್ಮಮ್ಮನ ಮೊಬೈಲು ಮಾಡುತ್ತದೆ. ಇದಕ್ಕೇಕೆ ಅಷ್ಟು ಹಣ?"

ಪ್ರಶ್ನೆ ಯೋಗ್ಯವಾದುದು. ಉತ್ತರಿಸಬೇಕಾದರೆ ಯಂತ್ರದ ಪರಿಚಯವಾಗಬೇಕು.

ಯಂತ್ರದ ಪರಿಚಯ

1975ರ ಆರಂಭದಲ್ಲಿ ಅಮೆರಿಕದಲ್ಲಿ 'ಆಲ್ಟೇರ್ 8800' ಎಂಬ ಸಣ್ಣ ಗಣಕಯಂತ್ರವು ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ಬಂದಿತು. ಅದರ ಮೂಲರೂಪದಲ್ಲಿ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಒತ್ತಿ, ಹೊತ್ತಿಕೊಳ್ಳುವ ಸಣ್ಣ ದೀಪಗಳಿಂದ ಉತ್ತರವನ್ನು ಓದಬೇಕಾಗಿತ್ತು. ಅದೇ ವರ್ಷದ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ, ಒಂದು ಮನೆಯ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಇಂಥ ಯಂತ್ರಗಳ ಹವ್ಯಾಸಿಗಳು ಸೇರಿ 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್' ಎಂಬ ಕೂಟವನ್ನು ಆರಂಭಿಸಿದರು. ಸ್ಟೀವ್ ವಾಜ್ನಿಯಾಕ್ ಎಂಬ ತರುಣ ತಂತ್ರಜ್ಞರು ಆ ಕೂಟಕ್ಕೆ ಬರುತ್ತಿದ್ದರು. ಕೀಲಿಮಣೆಯಿಂದ ಅಕ್ಷರವನ್ನು ಒತ್ತಿದರೆ ಅದು ದೂರದರ್ಶನದ ಪರದೆಯ ಮೇಲೆ ಮೂಡುವಂತಹ ಯಂತ್ರವೊಂದನ್ನು ಅವರು ರಚಿಸಿದರು. ಅದರ ನಕ್ಷೆಯನ್ನು ಕೂಟದವರಿಗೆ ಉಚಿತವಾಗಿಯೇ ಹಂಚಿದರು.

ಅವರ ಮಿತ್ರರಾದ ಸ್ಟೀವ್ ಜಾಬ್ಸ್ ಅದನ್ನು ಮಾರಬಹುದೆಂದು ಯೋಚಿಸಿದರು. ಬಂಡವಾಳಕ್ಕಾಗಿ ಜಾಬ್ಸ್ ತಮ್ಮ ವ್ಯಾನನ್ನೂ ವಾಜ್ನಿಯಾಕ್ ತಮ್ಮ ಲೆಕ್ಕಯಂತ್ರವನ್ನೂ ಮಾರಿದರು. 1976ರ ಏಪ್ರಿಲ್ 1ರಂದು ಆಪಲ್ ಸಂಸ್ಥೆ ಆರಂಭವಾಯಿತು. ಮೌಂಟನ್ ವ್ಯೂ ಊರಿನ 'ಬೈಟ್ ಶಾಪ್' ಎಂಬ ಅಂಗಡಿಯ ಪಾಲ್ ಟೆರೆಲ್ ಎಂಬವರು ಒಂದಕ್ಕೆ 500 ಡಾಲರಿನಂತೆ 50 ಯಂತ್ರಗಳನ್ನು ಕೇಳಿದರು. ಗಿರಾಕಿಗಳಿಗೆ ನಿಗದಿಯಾದ ಬೆಲೆ 666.66 ಡಾಲರು. ಒಂದೇ ಅಂಕೆ ಮರುಕಳಿಸುವ ಸಂಖ್ಯೆಗಳೆಂದರೆ ವಾಜ್ನಿಯಾಕರಿಗೆ ಪ್ರೀತಿ. ಅದಕ್ಕಿಂತ ಗೂಢವಾದ ಕಾರಣವೇನೂ ಇರಲಿಲ್ಲ.

ಆ ಬೆಲೆಗೆ ಕೊಂಡವನಿಗೆ ದೊರೆಯುತ್ತಿದ್ದುದು ಭಾಗಗಳನ್ನು ಬೆಸೆದ ಒಂದು ಹಸುರು ಫಲಕ ಮಾತ್ರ. ಪೆಟ್ಟಿಗೆ, ಕೀಲಿಮಣೆ, ವಿದ್ಯುತ್ತಿನ ಸಾಧನ, ಪರದೆ ಎಲ್ಲವನ್ನೂ ಅವನೇ ಹೊಂದಿಸಿಕೊಳ್ಳಬೇಕು. ಪರದೆಯ ಮೇಲೆ ಸಾಲಿಗೆ 40 ಅಕ್ಷರದಂತೆ 24 ಸಾಲುಗಳು. ಅವೂ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ. ಸ್ಮೃತಿಯು 4 ಕಿಲೋಬೈಟು, ಎಂದರೆ 4096 ಬೈಟುಗಳು. ಇದು ಎಷ್ಟು ಎಂಬುದನ್ನು ಮಕ್ಕಳು ನಮ್ಮ ಭಾಷೆಯಿಂದಲೇ ಅಳೆಯಬಹುದು. ಇಂದು ರೂಢಿಯಲ್ಲಿರುವ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕು. 'ಕನ್ನಡ' ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳು, ಹದಿನೈದು ಬೈಟುಗಳಾದವು. ಪದದ ಮುಂದಿನ ತೆರಪಿಗೆ ಒಂದು ಬೈಟು ಸೇರಿಸಿದರೆ ಹದಿನಾರು. 4096ನ್ನು 16ರಿಂದ ಭಾಗಿಸಿರಿ: 'ಕನ್ನಡ' ಎಂದು 256 ಸಲ ಬರೆದರೆ ಆ ಯಂತ್ರದ ಸ್ಮೃತಿ ತುಂಬಿಹೋಗುತ್ತದೆ. ನೀವು ಓದುತ್ತಿರುವ ಈ ಪಾಠವು ಅದರೊಳಗೆ ಹಿಡಿಸದು.

ಸುಮಾರು 200 ಯಂತ್ರಗಳು ತಯಾರಾದವು. 1977ರಲ್ಲಿ ಉತ್ತಮವಾದ 'ಆಪಲ್-2' ಬಂದಿತು. ಹಳೆಯದನ್ನು ಹಿಂದಕ್ಕೆ ಕೊಟ್ಟವರಿಗೆ ಸಂಸ್ಥೆಯು ಹೊಸದರಲ್ಲಿ ರಿಯಾಯಿತಿ ನೀಡಿ, ಹಿಂದಕ್ಕೆ ಬಂದ ಹಳೆಯವನ್ನು ನಾಶಮಾಡಿತು. ಇನ್ನು ಕೆಲವು ಮನೆಗಳ ಮೂಲೆ ಸೇರಿದವು, ಕೆಲವು ಕಸದ ಪಾಲಾದವು. ಇಂದು ಉಳಿದಿರುವುದು ತಯಾರಾದುದರಲ್ಲಿ ಅರ್ಧಕ್ಕಿಂತ ಕಡಿಮೆ.

ಬೆಲೆಯ ಏರಿಳಿತ

ಉಳಿದವುಗಳಿಗೆ ಏಲಮಿನಲ್ಲಿ ಬಂದ ಬೆಲೆಯನ್ನು ನೋಡಿರಿ. 2010ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಮಾರಿದ ಒಂದಕ್ಕೆ ಸುಮಾರು 2,13,000 ಡಾಲರು. 2013ರಲ್ಲಿ ಅದೇ ಸಂಸ್ಥೆಯು ಅಂತರ್ಜಾಲದ ಮೂಲಕ ಮಾರಿದ ಇನ್ನೊಂದಕ್ಕೆ 3,87,750. 2014ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬಾನಮ್ಸ್ ಏಲಮಿನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು ಒಂದನ್ನು 9,05,000 ಡಾಲರಿಗೆ ಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೊಂದು 3,65,000ಕ್ಕೆ ಹೋಯಿತು. ಎರಡು ತಿಂಗಳಲ್ಲಿ ಬೆಲೆ ಅರ್ಧಕ್ಕಿಂತಲೂ ಕೆಳಗೆ! ಕಾರಣವೇನು?

ಬೆಲೆಯು ವಸ್ತುವಿನೊಳಗೆ ಕುಳಿತಿರುವ ಗುಣವಲ್ಲ. ಅದನ್ನು ನಿರ್ಣಯಿಸುವ ಸಂಗತಿಗಳು ಹಲವು: ವಸ್ತು ಎಷ್ಟು ವಿರಳ, ಎಷ್ಟು ಪೂರ್ಣವಾಗಿದೆ, ನಡೆಯುತ್ತದೆಯೇ, ಇಷ್ಟು ವರ್ಷ ಯಾರ ಕೈಯಲ್ಲಿತ್ತೆಂಬುದಕ್ಕೆ ಆಧಾರಗಳಿವೆಯೇ, ಕೊನೆಯದಾಗಿ, ಅದನ್ನು ಬಯಸುವವರು ಇಬ್ಬರಾದರೂ ಅದೇ ಹೊತ್ತಿಗೆ ಇದಿರಾಗಿದ್ದಾರೆಯೇ. ಏಲಮಿನಲ್ಲಿ ಬೆಲೆಯನ್ನು ಏರಿಸುವವನು ಗೆದ್ದವನೊಬ್ಬನೇ ಅಲ್ಲ. ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಸೋತವನೂ ಅಷ್ಟೇ ಕಾರಣನು.

ಇಲ್ಲಿ ಪೋಷಕರು ಎಚ್ಚರಿಕೆಯಿಂದ ಗಮನಿಸಬೇಕಾದ ಒಂದು ಸಂಗತಿಯುಂಟು. 666.66 ಡಾಲರು 40 ವರ್ಷಗಳಲ್ಲಿ 8,15,000 ಆಗಬೇಕಾದರೆ ಚಕ್ರಬಡ್ಡಿಯ ದರವು ವರ್ಷಕ್ಕೆ ಶೇಕಡಾ ಹತ್ತೊಂಬತ್ತೂವರೆಯಷ್ಟಾಗುತ್ತದೆ. ಹಳೆಯ ಸಾಮಾನನ್ನು ಕೂಡಿಡುವುದೇ ಲಾಭವೆಂದು ತೋರಬಹುದು. ಆದರೆ ಈ ಲೆಕ್ಕದಲ್ಲಿ ಉಳಿದ ಯಂತ್ರಗಳು ಮಾತ್ರ ಬಂದಿವೆ. ಕಸವಾಗಿ ಹೋದ ಯಂತ್ರಗಳ ಲಾಭ ಶೂನ್ಯ. ಅಂದಿನ ದಿನಗಳಲ್ಲಿ ಹುಟ್ಟಿ ಹೆಸರಿಲ್ಲದೆ ಹೋದ ಇತರ ಗಣಕಯಂತ್ರಗಳದ್ದೂ ಹಾಗೆಯೇ. ಗೆದ್ದವರನ್ನು ಮಾತ್ರ ಎಣಿಸಿ ಆಟ ಸುಲಭವೆನ್ನುವುದು ತಪ್ಪು ಗಣಿತ. ಆ ದಿನಗಳಲ್ಲಿ ನಮ್ಮ ಹುಡುಗನೊಬ್ಬನ ತಂದೆಯವರು ಹತ್ತು ಹದಿನೈದು ವರ್ಷ ಹಳೆಯದಾದ ಗಣಕಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿ ಮಳೆಯಲ್ಲಿ ಹೊತ್ತು ತಂದು, "ಇದಕ್ಕೆಷ್ಟು ಬರಬಹುದು, ಸರ್?" ಎಂದು ಕೇಳಿದರು. ಗುಜರಿಯ ಬೆಲೆಯೆಂದು ಹೇಳುವಾಗ ನಮಗೆ ಬಹಳ ಸಂಕೋಚವಾಯಿತು. ಲಕ್ಷಗಟ್ಟಲೆ ತಯಾರಾದ ವಸ್ತುವಿಗೆ ವಯಸ್ಸೊಂದರಿಂದಲೇ ಬೆಲೆ ಬರುವುದಿಲ್ಲ.

ಏಲಮಿನಲ್ಲಿ ಗೆಲ್ಲುವುದೇ ನಷ್ಟವಾಗುವುದೂ ಉಂಟು. ಒಂದು ಸೀಸೆಯಲ್ಲಿ ಹುಣಿಸೆಬೀಜಗಳನ್ನು ತುಂಬಿಸಿ, ಎಷ್ಟಿವೆಯೆಂದು ತರಗತಿಯವರಿಂದ ಪ್ರತ್ಯೇಕವಾಗಿ ಬರೆಯಿಸಿರಿ. ಕೆಲವರು ಕಡಿಮೆ, ಕೆಲವರು ಹೆಚ್ಚು ಬರೆಯುತ್ತಾರೆ. ಬೀಜಕ್ಕೊಂದು ರೂಪಾಯಿಯಂತೆ ಸೀಸೆಯನ್ನು ಏಲಂ ಹಾಕಿದರೆ ಅದು ಯಾರಿಗೆ ಹೋಗುವುದು? ಎಲ್ಲರಿಗಿಂತ ಹೆಚ್ಚು ಎಣಿಸಿದವನಿಗೆ, ಎಂದರೆ ಬಹುಶಃ ಎಲ್ಲರಿಗಿಂತ ಹೆಚ್ಚು ತಪ್ಪಿದವನಿಗೆ! ಅರ್ಥಶಾಸ್ತ್ರಜ್ಞರು ಇದನ್ನು 'ಗೆದ್ದವನ ಶಾಪ'ವೆನ್ನುತ್ತಾರೆ. ಜಾಣರಾದವರು ತಮ್ಮ ಅಂದಾಜಿಗಿಂತ ಸ್ವಲ್ಪ ಕೆಳಗೇ ಸವಾಲು ಕೂಗುವುದೇಕೆಂಬುದನ್ನು ವಿವೇಚಿಸಿದ ರಾಬರ್ಟ್ ವಿಲ್ಸನ್ನರಿಗೂ, ಏಲಂ ಶಾಸ್ತ್ರವನ್ನು ಮುಂದುವರಿಸಿದ ಪಾಲ್ ಮಿಲ್ಗ್ರೋಮರಿಗೂ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಕೊನೆಯ ನಿಮಿಷಗಳು

ಇನ್ನು ನಮ್ಮ ಕರಿಹಲಗೆಗೆ ಬರೋಣ. ಏಲಮಿಗೆ ಬಂದ ಫಲಕವನ್ನು 'ಸೆಲಿಬ್ರೇಶನ್' ಎಂದು ಕರೆಯುತ್ತಿದ್ದರು. ಇದು ಅಂಗಡಿಗಳಿಗೆ ಹೋದ ಯಂತ್ರಗಳ ಸಾಲಿಗೆ ಸೇರಿದುದಾಗಿರದೆ, ಇನ್ನೂ ವಿರಳವಾದುದೆಂದು ಪ್ರಸಿದ್ಧವಾಗಿತ್ತು. ಹತ್ತು ಲಕ್ಷ ಡಾಲರು ಬರಬಹುದೆಂಬ ನಿರೀಕ್ಷೆಯೂ ಇದ್ದಿತು. ಮಕ್ಕಳು ತಮ್ಮ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದು ಸುಣ್ಣದಕಡ್ಡಿಯ ಪೆಟ್ಟಿಗೆಯಲ್ಲಿ ಹಾಕಿದ್ದರು. ಅಮೆರಿಕದ ಹಗಲು ನಮಗೆ ರಾತ್ರಿಯಾದುದರಿಂದ ಮುಕ್ತಾಯವನ್ನು ನಾವಾರೂ ಕಾಣಲಿಲ್ಲ. ಮರುದಿನ ಬೆಳಗ್ಗೆ ವಾರ್ತೆ ತಿಳಿಯಿತು. ಮುಗಿಯಲು ಕೆಲವೇ ನಿಮಿಷಗಳಿರುವಾಗ ಹತ್ತು ಲಕ್ಷ ಡಾಲರನ್ನು ಮೀರಿದ ಸವಾಲು ಬಂದಿತ್ತು. ಆದರೆ ಕೂಗಿದವರು ಅದನ್ನು ಹಿಂದೆಗೆದುಕೊಂಡರು. ಕೊನೆಗೆ ಫಲಕವು 8,15,000 ಡಾಲರಿಗೆ, ಅಂದಿನ ನಮ್ಮ ಹಣದಲ್ಲಿ ಸುಮಾರು ಐದೂವರೆ ಕೋಟಿ ರೂಪಾಯಿಗೆ ಹೋಯಿತು.

ಯಾರ ಚೀಟಿ ಗೆದ್ದಿತೆಂಬುದನ್ನು ಮಕ್ಕಳು ಮರೆತೇಬಿಟ್ಟರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಕೊಡುತ್ತೇನೆಂದು ಹೇಳಿ ಆಮೇಲೆ ಇಲ್ಲವೆನ್ನಬಹುದೇ, ಸರ್?" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವೇ ಅವರಿಗೆ ಕಲಿಸಿದ್ದೆವು.

ಕಾನೂನಿನ ಉತ್ತರ ಹೀಗಿದೆ. ನಮ್ಮ ದೇಶದ 1930ನೆಯ ಇಸವಿಯ ಸರಕು ಮಾರಾಟ ಅಧಿನಿಯಮದ 64ನೆಯ ಕಲಮಿನಂತೆ, ಏಲಂ ಹಾಕುವವನು ಸುತ್ತಿಗೆ ಬಡಿದೋ ರೂಢಿಯ ಬೇರೆ ಕ್ರಮದಿಂದಲೋ ಮುಕ್ತಾಯವನ್ನು ಸಾರಿದಾಗಲೇ ಮಾರಾಟವು ಪೂರ್ಣವಾಗುವುದು. ಅಲ್ಲಿಯವರೆಗೆ ಯಾರು ಬೇಕಾದರೂ ತನ್ನ ಸವಾಲನ್ನು ಹಿಂದೆಗೆದುಕೊಳ್ಳಬಹುದು. ಅಮೆರಿಕದ ವಾಣಿಜ್ಯ ಸಂಹಿತೆಯಲ್ಲಿಯೂ ಇಂತಹ ವಿಧಿಯುಂಟು. ಅದೇ 64ನೆಯ ಕಲಮು ಇನ್ನೊಂದನ್ನೂ ಹೇಳುತ್ತದೆ: ಮಾರುವವನು ಬೆಲೆಯೇರಿಸುವುದಕ್ಕಾಗಿ ಸುಳ್ಳು ಸವಾಲುಗಳನ್ನು ಕೂಗಿಸಿದರೆ, ಕೊಂಡವನು ಬಯಸಿದಲ್ಲಿ ಮಾರಾಟವನ್ನು ರದ್ದುಗೊಳಿಸಬಹುದು.

ಹುಡುಗಿಗೆ ನಾವು ಇದನ್ನು ಹೇಳಿ, ಇನ್ನೊಂದು ಮಾತನ್ನೂ ಸೇರಿಸಿದೆವು. ಮನುಷ್ಯನು ತಪ್ಪು ಮಾಡಬಹುದು, ಆತುರಪಡಬಹುದು ಎಂದು ತಿಳಿದೇ ಕಾನೂನು ಕೊನೆಯ ಕ್ಷಣದವರೆಗೆ ಬಾಗಿಲು ತೆರೆದಿಟ್ಟಿದೆ. ಬಾಗಿಲು ತೆರೆದಿದೆಯೆಂದು ಆಟಕ್ಕಾಗಿ ಒಳಹೊಕ್ಕು ಹೊರಬರುವುದು ಸಜ್ಜನರ ಲಕ್ಷಣವಲ್ಲ. ಆ ಅಜ್ಞಾತ ವ್ಯಕ್ತಿಯು ಯಾವ ಕಾರಣದಿಂದ ಹಿಂದೆಗೆದನೆಂದು ತಿಳಿಯದೆ ಅವನನ್ನು ದೂಷಿಸುವುದೂ ನ್ಯಾಯವಲ್ಲ. ಅವಳು ಒಪ್ಪಿದಂತೆ ಕಾಣಲಿಲ್ಲ, ಆದರೆ ಕುಳಿತುಕೊಂಡಳು.

ಒಡೆದ ಫಲಕ

ಆರು ವರ್ಷಗಳ ಅನಂತರ, 2022ರ ಆಗಸ್ಟಿನಲ್ಲಿ, ಬಾಸ್ಟನ್ನಿನ ಆರ್‌ಆರ್ ಆಕ್ಷನ್ ಎಂಬ ಸಂಸ್ಥೆಯು ಆಪಲ್-1ರ ಒಂದು ಮೂಲಮಾದರಿಯನ್ನು ಏಲಮಿಗೆ ತಂದಿತು. ಅದು ನಡೆಯುತ್ತಿರಲಿಲ್ಲ. ಫಲಕವು ಒಡೆದು ಒಂದು ಭಾಗವೇ ಕಳೆದುಹೋಗಿತ್ತು. ಅದು ಹಲವು ವರ್ಷ ಜಾಬ್ಸರ ಮನೆಯ ಕೊಟ್ಟಿಗೆಯಲ್ಲಿ ಬಿದ್ದಿತ್ತೆಂದು ಹೇಳಲಾಗಿತ್ತು. ಆದರೂ ಅದಕ್ಕೆ 6,77,196 ಡಾಲರು ಬಂದಿತು. ನಡೆಯುವ ಎಷ್ಟೋ ಯಂತ್ರಗಳಿಗೆ ಬಂದ ಬೆಲೆಗಿಂತ ಇದು ಹೆಚ್ಚು.

ಏಕೆಂದರೆ, 1976ರಲ್ಲಿ ಪಾಲ್ ಟೆರೆಲ್ ತೆಗೆದಿದ್ದ ಕೆಲವು ಛಾಯಾಚಿತ್ರಗಳು ಉಳಿದಿದ್ದವು. ತಜ್ಞರು ಆ ಚಿತ್ರಗಳನ್ನು ಒಡೆದ ಫಲಕದ ಪಕ್ಕದಲ್ಲಿಟ್ಟು ಹೋಲಿಸಿ ಎರಡೂ ಒಂದೇ ಎಂದು ನಿರ್ಧರಿಸಿದರು. ಅಂಗಡಿಯವರಿಗೆ ಮೊತ್ತಮೊದಲು ತೋರಿಸಿದ, ಆ 50 ಯಂತ್ರಗಳ ಬೇಡಿಕೆಯನ್ನು ತಂದುಕೊಟ್ಟ ಫಲಕವೇ ಅದು! ಆ ಚಿತ್ರಗಳು ಇರದೆ ಹೋಗಿದ್ದರೆ ಅದೊಂದು ಮುರುಕು ಹಲಗೆಯಾಗಿಯೇ ಉಳಿಯುತ್ತಿತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ಘಟನೆ 2015ರದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಹಿಳೆಯು, ಗಂಡನು ತೀರಿಕೊಂಡ ಬಳಿಕ ಮನೆಯನ್ನು ಚೊಕ್ಕಟಮಾಡುತ್ತ, ಕೆಲವು ಪೆಟ್ಟಿಗೆಗಳನ್ನು ಎಲೆಕ್ಟ್ರಾನಿಕ್ ಗುಜರಿಯ ಕೇಂದ್ರದಲ್ಲಿಟ್ಟು ರಸೀದಿಯನ್ನೂ ಕೇಳದೆ ಹೊರಟುಹೋದಳು. ವಾರಗಳ ಮೇಲೆ ತೆರೆದು ನೋಡಿದಾಗ ಒಂದರಲ್ಲಿ ಆಪಲ್-1 ಇದ್ದಿತು. ಕೇಂದ್ರದವರು ಅದನ್ನು 2,00,000 ಡಾಲರಿಗೆ ಮಾರಿ, ಅರ್ಧವನ್ನು ಆಕೆಗೆ ಕೊಡಬೇಕೆಂದು ಪತ್ರಿಕೆಗಳ ಮೂಲಕ ಹುಡುಕಿದರು. ಪ್ರಾಮಾಣಿಕತೆಯ ದೃಷ್ಟಾಂತವಿದು. ಆದರೆ ಆ ಪೆಟ್ಟಿಗೆಯ ಮೇಲೆ ಗಂಡನು ಎರಡು ಸಾಲು ಬರೆದಿಟ್ಟಿದ್ದರೆ ಹುಡುಕುವ ಪ್ರಮೇಯವೇ ಬರುತ್ತಿರಲಿಲ್ಲವಲ್ಲವೇ?

ನಮ್ಮ ಅಟ್ಟ

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಏಲಂ ಮುಗಿದ ಆ ಬೆಳಗ್ಗೆಯೇ ಇನ್ನೊಬ್ಬ ಹುಡುಗನು, "ನಮ್ಮ ಶಾಲೆಯ ಅಟ್ಟದಲ್ಲಿ ಹಳೆಯದೇನಾದರೂ ಇದೆಯೇ, ಸರ್?" ಎಂದು ಕೇಳಿದನು. ನಾವು ಉತ್ತರ ಕೊಡಲಿಲ್ಲ. ಅದೇ ವರ್ಷದ ಬೇಸಗೆಯ ರಜೆಯಲ್ಲಿ, ಸೋರುವ ಮಾಡನ್ನು ರಿಪೇರಿ ಮಾಡಿಸುವಾಗ, ಅಟ್ಟದಲ್ಲಿದ್ದ ಕಾಗದದ ಕಟ್ಟುಗಳನ್ನು ನಾವೇ ಮುಂದೆ ನಿಂತು ಗುಜರಿಯವನಿಗೆ ತೂಕದ ಮೇಲೆ ಕೊಡಿಸಿದ್ದೆವು. ಗೆದ್ದಲು ಹಿಡಿದಿದೆ, ಯಾರು ಓದುತ್ತಾರೆ ಎಂದಿದ್ದೆವು. ಅವುಗಳಲ್ಲಿ ಹಿಂದಿನ ವಿದ್ಯಾರ್ಥಿಗಳು ಬರೆದ ಕೈಬರಹದ ಪತ್ರಿಕೆಗಳಿದ್ದವು. ರಾಜ್ಯಗಳ ಗಡಿ ಬದಲಾದ 1956ರ ಆಚೀಚಿನ ವರ್ಷಗಳಲ್ಲಿ ಈ ಊರಿನ ಮಕ್ಕಳು ಕನ್ನಡದಲ್ಲಿ ಏನನ್ನು ಯೋಚಿಸಿದರು, ಏನನ್ನು ಬರೆದರು ಎಂಬುದಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ಆ ಸಂಜೆಯೇ ಗುಜರಿ ಅಂಗಡಿಗೆ ಹೋದೆವು. ಕಾಗದವು ಎಂದೋ ಲಾರಿಯೇರಿ ಹೋಗಿತ್ತು.

ಅವುಗಳಿಗೆ ಯಾವ ಏಲಮಿನಲ್ಲಿಯೂ ನೂರು ರೂಪಾಯಿ ಬರುತ್ತಿರಲಿಲ್ಲವೆಂಬುದು ನಿಜ. ನಷ್ಟವಾದುದು ಹಣವಲ್ಲವಾದುದರಿಂದಲೇ ಅದನ್ನು ತುಂಬಿಕೊಡುವುದಕ್ಕೂ ದಾರಿಯಿಲ್ಲ.

ಆದುದರಿಂದ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿರುವ ಶಾಲೆಯ ಹಳೆಯ ಛಾಯಾಚಿತ್ರಗಳ ಹಿಂದೆ ಇಸವಿಯನ್ನೂ ಹೆಸರುಗಳನ್ನೂ ಇಂದೇ ಪೆನ್ಸಿಲಿನಲ್ಲಿ ಬರೆದಿಡಿರಿ; ಹೆಸರು ಬಲ್ಲ ಅಜ್ಜ ಅಜ್ಜಿಯಂದಿರು ಇರುವಾಗಲೇ ಕೇಳಿ ಬರೆಯಿರಿ. ಹಳೆಯ ವಾರ್ಷಿಕ ಸಂಚಿಕೆಗಳಿದ್ದರೆ ನಮಗೆ ತಿಳಿಸಿರಿ; ಪ್ರತಿ ತೆಗೆದು ಹಿಂದಿರುಗಿಸುತ್ತೇವೆ. ಎಲ್ಲವನ್ನೂ ಕೂಡಿಡಬೇಕೆಂದು ನಾವು ಹೇಳುವುದಿಲ್ಲ. ಎಸೆಯುವ ಮುನ್ನ ಒಮ್ಮೆ ಓದಿ ನೋಡಬೇಕೆಂದು ಮಾತ್ರ ಹೇಳುತ್ತೇವೆ.

ಅಭ್ಯಾಸ

1. 'ಕನ್ನಡ' ಎಂಬ ಪದದಂತೆ ನಿಮ್ಮ ಹೆಸರಿಗೆ ಎಷ್ಟು ಬೈಟು ಬೇಕೆಂದು ಲೆಕ್ಕ ಹಾಕಿರಿ. ಒತ್ತಕ್ಷರಗಳಲ್ಲಿ ವಿರಾಮಚಿಹ್ನೆಯನ್ನೂ, ಗುಣಿತಾಕ್ಷರಗಳಲ್ಲಿ ಸ್ವರಚಿಹ್ನೆಯನ್ನೂ ಬೇರೆಯಾಗಿ ಎಣಿಸಿರಿ.

2. 2014ರ ಎರಡು ಮಾರಾಟಗಳ ಬೆಲೆಗಳ ಅಂತರವೆಷ್ಟು? ಕೆಳಗಿನ ಬೆಲೆಯು ಮೇಲಿನದರ ಶೇಕಡಾ ಎಷ್ಟು?

3. ಏಲಂ ಮುಗಿಯುವವರೆಗೆ ಸವಾಲನ್ನು ಹಿಂದೆಗೆದುಕೊಳ್ಳುವ ಹಕ್ಕು ಇರಬೇಕೇ? ಎರಡು ಪಕ್ಷಗಳಾಗಿ ಚರ್ಚಿಸಿರಿ.

4. ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ವಸ್ತು ಯಾವುದು? ಅದು ಯಾರದು, ಹೇಗೆ ಬಂದಿತು ಎಂದು ಹಿರಿಯರನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬರೆದ ಕಾಗದವನ್ನು ಆ ವಸ್ತುವಿನ ಜೊತೆಯಲ್ಲಿಯೇ ಇಡಿರಿ.